ಕಡಿವಾಣ, ಲಗಾಮು, ವಾಘೆ: ಕುದುರೆಯ ಬಾಯೊಳಗಿನದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಸವಾರಿ ಕಲಿಯುವವರಿಗೂ ಲಾಯದ ಕೆಲಸಗಾರರಿಗೂ ಅನುಕೂಲವಾಗಲೆಂದು ಕುದುರೆಯ ಆರೈಕೆಯ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಮೇವು, ಗೊರಸು, ಲಾಳ, ಜೀನು, ಹೊಟ್ಟೆಶೂಲೆ ಇವಕ್ಕೆಲ್ಲ ಪದ ಹುಡುಕಬೇಕಾಗಲಿಲ್ಲ. ತೊಡಕಾಗಿರುವುದು ಕುದುರೆಯ ತಲೆಗೆ ತೊಡಿಸುವ ಸರಂಜಾಮಿನಲ್ಲಿ.

ಸವಾರನ ಕೈಯಲ್ಲಿರುವ ಚರ್ಮದ ಪಟ್ಟಿ ಒಂದು. ಕುದುರೆಯ ಬಾಯೊಳಗೆ ನಾಲಿಗೆಯ ಮೇಲೆ ಅಡ್ಡಡ್ಡ ಕೂರುವ ಲೋಹದ ಸರಳು ಇನ್ನೊಂದು. ಆ ಸರಳನ್ನು ತಲೆಗೆ ಹಿಡಿದು ನಿಲ್ಲಿಸುವ ಪಟ್ಟಿಗಳ ಕಟ್ಟು ಮತ್ತೊಂದು. ಇಂದಿನ ಬರವಣಿಗೆಯಲ್ಲಿ ಮೂರನ್ನೂ ಲಗಾಮು ಎನ್ನುತ್ತೇವೆ, ಇಲ್ಲವೇ ಮೂರನ್ನೂ ಕಡಿವಾಣ ಎನ್ನುತ್ತೇವೆ. ‘ಬೆಲೆಯೇರಿಕೆಗೆ ಕಡಿವಾಣ’, ‘ನಾಲಿಗೆಗೆ ಲಗಾಮು’ ಎಂಬಲ್ಲಿ ಯಾವುದನ್ನು ಬಳಸಿದರೂ ಅರ್ಥ ಕೆಡುವುದಿಲ್ಲ. ಆದರೆ ‘ಲಗಾಮು ಬಿಗಿಯಾಗಿದೆಯೇ ನೋಡಿ’ ಎಂದು ಕೈಪಿಡಿಯಲ್ಲಿ ಬರೆದರೆ ಒಬ್ಬರು ಕೈಯಲ್ಲಿರುವ ಪಟ್ಟಿಯನ್ನು ಸಡಿಲ ಬಿಡುತ್ತಾರೆ, ಇನ್ನೊಬ್ಬರು ಕೆನ್ನೆಯ ಬಕಲ್ ಸಡಿಲಿಸುತ್ತಾರೆ. ಬಾಯೊಳಗಿನ ಸರಳು ತುಟಿಯ ಮೂಲೆಯನ್ನು ಮೇಲಕ್ಕೆಳೆದು ಸುಕ್ಕುಗಟ್ಟಿಸಿದ್ದರೆ ಅದನ್ನು ಯಾರೂ ನೋಡದೆ ಹೋಗಬಹುದು.

ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಸರಳು ಕೂರುವುದು ಅಲ್ಲೇ. ಅಲ್ಲಿ ಎಲುಬಿನ ಮೇಲಿರುವುದು ತೆಳ್ಳನೆಯ ವಸಡು ಮಾತ್ರ, ಆದ್ದರಿಂದ ಒರಟಾಗಿ ಜಗ್ಗಿದರೆ ಪೆಟ್ಟು ನೇರ ಎಲುಬಿಗೆ. ಹೊರಗಿನಿಂದ ಗಾಯ ಕಾಣುವುದಿಲ್ಲ. ಎಲ್ಲಕ್ಕಿಂತ ಮೊದಲು ಈ ವಸ್ತುವಿಗೆ ಅದರದ್ದೇ ಹೆಸರು ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಾನೂನಿನ ಮಾತು ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳು ಮುಳ್ಳುಗಳಿರುವ ಬಾಯಿಸರಳನ್ನು ನಿಷೇಧಿಸುತ್ತವೆ. ಹಿಂದಿಯ ಜಾಡಿನಲ್ಲಿ ನಾವೂ ಅದನ್ನು ‘ಮುಳ್ಳಿನ ಲಗಾಮು’ ಎಂದರೆ ಓದಿದವರು ಪಟ್ಟಿಯಲ್ಲಿ ಮುಳ್ಳು ಹುಡುಕುತ್ತಾರೆ. ಮದುವೆ ಮೆರವಣಿಗೆಯ ಕುದುರೆಯ ಬಾಯಿ ತೆರೆಸಿ ನೋಡಬೇಕು ಎಂದು ಅವರಿಗೆ ಹೊಳೆಯುವುದೇ ಇಲ್ಲ.

ನನ್ನ ಸಲಹೆ ಇಷ್ಟು: ಬಾಯೊಳಗಿನದು ಕಡಿವಾಣ, ಕೈಯಲ್ಲಿರುವುದು ಲಗಾಮು ಅಥವಾ ವಾಘೆ, ತಲೆಯ ಪಟ್ಟಿಗಳ ಕಟ್ಟು ತಲೆಕಟ್ಟು. ಕಡಿವಾಣದಲ್ಲಿ ‘ಕಡಿ’ ಎದ್ದು ಕಾಣುತ್ತದೆ, ಹಲ್ಲಿಗೆ ಹತ್ತಿರದ ಪದ. ವಾಘೆ ನಡುಗನ್ನಡ ಕಾವ್ಯದ ಯುದ್ಧವರ್ಣನೆಗಳಲ್ಲಿ ಸಾರಥಿಯ ಕೈಯಲ್ಲೇ ಇರುತ್ತದೆ, ಗೊಂದಲಕ್ಕೆ ಎಡೆಯಿಲ್ಲ. ಆದರೆ ನನಗೇ ಒಂದು ಅಡ್ಡಿ ಕಾಣುತ್ತಿದೆ. ಕಡಿವಾಣಕ್ಕೆ ತಮಿಳಿನಲ್ಲಿ ಕಡಿವಾಳಂ, ಮಲಯಾಳದಲ್ಲಿ ಕಡಿಞ್ಞಾಣ್ ಇವೆ. ಮಲಯಾಳದ ಞಾಣ್ ಎಂದರೆ ಹುರಿ. ಹಾಗಾದರೆ ಈ ಪದ ಮೊದಲಿನಿಂದಲೂ ಸರಳು, ಹುರಿ ಎರಡನ್ನೂ ಒಳಗೊಂಡಿತ್ತೇ? ನಮ್ಮ ‘ವಾಣ’ದ ಮೂಲ ಬಲ್ಲವರು ದಯವಿಟ್ಟು ತಿಳಿಸಿ. ಲಗಾಮಿನದೂ ಅದೇ ಕಥೆ, ಫಾರ್ಸಿಯಲ್ಲಿ ಅದು ಬಾಯಿಯ ಲೋಹಕ್ಕೂ ಸಲ್ಲುತ್ತದೆ. ಹಳೆಯ ಅರ್ಥ ಏನೇ ಇರಲಿ, ಇವತ್ತು ಪದಗಳನ್ನು ಹಂಚಿಕೊಳ್ಳುವುದು ತಪ್ಪಲ್ಲ ಎಂಬುದು ನನ್ನ ನಿಲುವು. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಎಲ್ಲರೂ ‘ಬಿಟ್’ ಎನ್ನುತ್ತಾರೆ, ಅದನ್ನು ಬಿಡಿಸುವ ಹಟವೂ ನನಗಿಲ್ಲ. ‘ಕಡಿವಾಣ, ಅಂದರೆ ಬಿಟ್’ ಎಂದು ಒಮ್ಮೆ ಬರೆದರೆ ಸಾಕು.

ಈ ಹಂಚಿಕೆ ಒಪ್ಪಿಗೆಯಾದರೆ ಡ್ರೆಸಾಜ್, ಅಂದರೆ ಸವಾರನ ಸೂಚನೆಯಂತೆ ಕುದುರೆ ಗೊತ್ತುಪಡಿಸಿದ ನಡಿಗೆಗಳನ್ನು ಮಾಡಿ ತೋರಿಸುವ ಸ್ಪರ್ಧೆಯ ಬಗ್ಗೆ ಬರೆಯುವುದೂ ಹಗುರಾಗುತ್ತದೆ. ಅಲ್ಲಿನ ಮೇಲ್ಮಟ್ಟದಲ್ಲಿ ಬಾಯಿಗೆ ಎರಡು ಕಡಿವಾಣ, ಕೈಗೆ ಎರಡು ಜೊತೆ ಲಗಾಮು. ಎರಡನೆಯ ಕಡಿವಾಣಕ್ಕೆ ಉದ್ದನೆಯ ತೋಳುಗಳೂ ಗಲ್ಲದ ಕೆಳಗೆ ಒಂದು ಸರಪಳಿಯೂ ಇರುತ್ತವೆ. ಅದು ಸನ್ನೆಕೋಲಿನ ಹಾಗೆ ಕೆಲಸ ಮಾಡುವುದರಿಂದ ಕೈಯ ಸಣ್ಣ ಎಳೆತವೂ ಬಾಯಲ್ಲಿ ದೊಡ್ಡದಾಗುತ್ತದೆ. ಎಲ್ಲವನ್ನೂ ಲಗಾಮು ಎಂದರೆ ಇದನ್ನು ವಿವರಿಸುವ ಬಗೆ ನನಗಂತೂ ತಿಳಿಯದು.

ಇನ್ನು ಮೂಗಿನ ಸುತ್ತ ಬರುವ ಪಟ್ಟಿ. ಕೆಲವರು ಇದಕ್ಕೆ ಮೂಗುದಾರ ಎಂದು ಸೂಚಿಸಿದರು. ನಾನು ಒಪ್ಪಲಾರೆ. ಮೂಗುದಾರ ಎತ್ತಿನ ಮೂಗು ಚುಚ್ಚಿ ಹಾಕುವಂಥದು, ಇದು ಹೊರಗಿನಿಂದ ಸುತ್ತುವ ಪಟ್ಟಿ. ‘ಮೂಗುಪಟ್ಟಿ’ ಸಾಕಲ್ಲವೇ? ಪದ ಆದಷ್ಟು ಬೇಗ ನಿಲ್ಲಬೇಕು, ಏಕೆಂದರೆ ಇಂದು ಸ್ಪರ್ಧಾಲೋಕದಲ್ಲಿ ಹೆಚ್ಚು ಚರ್ಚೆಯಾಗುತ್ತಿರುವ ಪಟ್ಟಿ ಇದೇ. ಇದನ್ನು ಬಿಗಿದರೆ ಕುದುರೆಗೆ ಬಾಯಿ ತೆರೆಯಲಾಗದು. ನೋವಾದಾಗ ಅದು ತೋರಿಸುವ ಗುರುತುಗಳಲ್ಲೊಂದು ಬಾಯಿ ತೆರೆಯುವುದು, ಬಿಗಿದ ಪಟ್ಟಿ ಆ ಗುರುತನ್ನೇ ಅಡಗಿಸಿಬಿಡುತ್ತದೆ. ಪಟ್ಟಿಗೂ ಮೂಗಿನ ಎಲುಬಿಗೂ ನಡುವೆ ಎರಡು ಬೆರಳು ತೂರಬೇಕು ಎಂಬುದು ಹಳೆಯ ರೂಢಿ. ಯಾರ ಬೆರಳು ಎಂಬ ತಕರಾರು ಇದ್ದೇ ಇತ್ತು. 2025ರಿಂದ ಕುದುರೆ ಸವಾರಿ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ಇದಕ್ಕೆ ಒಂದು ಅಳತೆಯ ಸಾಧನವನ್ನೇ ತಂದಿದೆ.

ಇನ್ನೊಂದು ಸಣ್ಣ ಪ್ರಶ್ನೆ. ಡ್ರೆಸಾಜ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ 2024ರಲ್ಲಿ ಪ್ಯಾರಿಸ್ ಕ್ರೀಡಾಕೂಟದಿಂದ ಹಿಂದೆ ಸರಿದರು, ಬಳಿಕ ಒಂದು ವರ್ಷದ ನಿಷೇಧಕ್ಕೂ ಒಳಗಾದರು. ತರಬೇತಿಯ ವೇಳೆ ನೆಲದ ಮೇಲೆ ನಿಂತು ಉದ್ದ ಚಾವಟಿಯಿಂದ ಕುದುರೆಯ ಕಾಲಿಗೆ ಮತ್ತೆ ಮತ್ತೆ ಬೀಸಿದ್ದು ಅದಕ್ಕೆ ಕಾರಣ. ಸವಾರನ ಕೈಯ ಗಿಡ್ಡ ಕೋಲು ಬೇರೆ, ಈ ಉದ್ದ ಚಾವಟಿ ಬೇರೆ. ಗಿಡ್ಡದಕ್ಕೆ ಚಬುಕು, ಉದ್ದದ್ದಕ್ಕೆ ಬಾರುಕೋಲು ಎನ್ನಬಹುದೇ? ಅಥವಾ ನಿಮ್ಮ ಕಡೆ ಇದು ತಿರುವುಮುರುವೇ?

ಕೊನೆಗೆ ಮೈಸೂರು, ಬೆಳಗಾವಿ, ಕಲಬುರಗಿ ಕಡೆಯವರಲ್ಲಿ ಒಂದು ವಿನಂತಿ. ಜಟಕಾ ಓಡಿಸಿದ ಹಿರಿಯರು ಮನೆಯಲ್ಲೋ ನೆರೆಯಲ್ಲೋ ಇದ್ದರೆ ಮೂಗಿನ ಪಟ್ಟಿಗೂ ಗಲ್ಲದ ಸರಪಳಿಗೂ ಕಣ್ಣಿನ ಪಕ್ಕದ ಮರೆಗೂ ಅವರು ಏನೆನ್ನುತ್ತಿದ್ದರು ಎಂದು ಕೇಳಿ ಬರೆಯಿರಿ. ಉರ್ದು, ಮರಾಠಿ ಪದವಾದರೂ ಸರಿ, ಉಚ್ಚಾರ ಹೇಗಿತ್ತೋ ಹಾಗೆಯೇ ಬೇಕು.