ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಗೆ ಮಕ್ಕಳನ್ನು ಯಾವ ವಯಸ್ಸಿನಿಂದ ಇಳಿಸಬಹುದು?

ಪ್ರಶ್ನೆ (ಪಾಂಡವಪುರ): ನಮ್ಮೂರಿನಲ್ಲಿ ಭಾರ ಎಳೆಯುವ ಟ್ರ್ಯಾಕ್ಟರ್ ಸ್ಪರ್ಧೆ ಏರ್ಪಡಿಸುವ ಮಾತು ನಡೆದಿದೆ. ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿತಿರುವ ನನ್ನ ಹನ್ನೆರಡು ವರ್ಷದ ಮಗ ತಾನೂ ಸ್ಪರ್ಧಿಸುವೆನೆಂದು ಹಟ ಹಿಡಿದಿದ್ದಾನೆ. ಅಮೆರಿಕದಲ್ಲಿ ಇನ್ನೂ ಚಿಕ್ಕವರು ಭಾಗವಹಿಸುತ್ತಾರಂತೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮೈಸೂರು): ಅಲ್ಲಿ ತೀರ ಚಿಕ್ಕ ಮಕ್ಕಳು ಎಳೆಯುವುದು ಎಂಜಿನ್ ಇಲ್ಲದ ಪೆಡಲ್ ಟ್ರ್ಯಾಕ್ಟರಿನಲ್ಲಿ. ದೊಡ್ಡವರ ಸ್ಪರ್ಧೆಯಲ್ಲಿ ಟ್ರ್ಯಾಕ್ಟರ್ ಎಳೆಯುವ ಹೊರೆಯ ಬಂಡಿಯಾದ ಜಾರುಬಂಡಿಯಲ್ಲಿರುವ (ಸ್ಲೆಡ್) ಭಾರದ ಪೆಟ್ಟಿಗೆಯು ಬಂಡಿ ಸಾಗಿದಂತೆಲ್ಲ ಟ್ರ್ಯಾಕ್ಟರಿನ ಕಡೆಗೆ ಸರಿಯುತ್ತ ಹೊರೆಯನ್ನು ಹೆಚ್ಚಿಸುವುದರಿಂದ, ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ. ಆದ್ದರಿಂದಲೇ ಹಿಂಬದಿಗೆ ಮಗುಚದಂತೆ ತಡೆಯುವ ಆಸರೆ ಕಂಬಿಗಳನ್ನೂ, ಬಂಡಿ ಕಳಚಿಕೊಂಡರೆ ಎಂಜಿನ್ ತಾನಾಗಿ ನಿಲ್ಲುವ ಸ್ವಿಚ್ಚನ್ನೂ ಅಳವಡಿಸಿರುತ್ತಾರೆ. ನಮ್ಮ ಉಳುಮೆಯ ಟ್ರ್ಯಾಕ್ಟರುಗಳಲ್ಲಿ ಇವು ಇರುವುದಿಲ್ಲ. ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರಂತೂ, ಕ್ಲಚ್ ಒತ್ತಬೇಕೆಂದು ಹೊಳೆಯುವುದರೊಳಗೆ ಟ್ರ್ಯಾಕ್ಟರ್ ಮಗುಚಿ ಬೀಳಬಹುದು. ದೊಡ್ಡ ಟ್ರ್ಯಾಕ್ಟರಿಗೆ ಹದಿನೆಂಟು ತುಂಬಿದವರೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ (ಮದ್ದೂರು): ಕಾನೂನನ್ನೂ ಗಮನಿಸಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಟ್ರ್ಯಾಕ್ಟರ್ ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಮಗನನ್ನು ಇಳಿಸುವುದಿಲ್ಲ. ಮಕ್ಕಳಿಗೆ ಪೆಡಲ್ ಟ್ರ್ಯಾಕ್ಟರಿನ ಎಳೆತವನ್ನು ಪ್ರತ್ಯೇಕವಾಗಿ ನಡೆಸುವಂತೆ ಸಂಘಟಕರನ್ನು ಕೇಳುತ್ತೇನೆ. ಅದಕ್ಕೆ ಬೇಕಾದ ಜಾರುಬಂಡಿಯನ್ನು ಮಂಡ್ಯದ ವರ್ಕ್‌ಶಾಪಿನಲ್ಲಿ ಮಾಡಿಸಬಹುದೇ?