ಡಿ750: ಕ್ಯಾಮೆರಾ 24 ಮೆಗಾಪಿಕ್ಸೆಲ್, ಫೋಟೊ ಬರೀ 10. ಮೋಸ ಹೋದೆನಾ?

ಕಡಲತೀರ_ಕ್ಲಿಕ್: ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ತಗೊಂಡೆ. ಭಾನುವಾರ ಅಕ್ಕನ ಮಗಳ ಮದುವೆ. ಮಂಟಪದ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ ಫೋಟೊ ತೆಗೆದೆ. ವ್ಯೂಫೈಂಡರಿನಲ್ಲಿ 19 ಜನ ಇದ್ದರು, ಎಣಿಸಿಯೇ ಒತ್ತಿದ್ದು. ಕಂಪ್ಯೂಟರಿಗೆ ಹಾಕಿದರೆ 13 ಜನ! ಎಡತುದಿಯಲ್ಲಿ ಕುರ್ಚಿ ಮೇಲೆ ಕೂತಿದ್ದ ಅಜ್ಜಿಯ ಎಡಗೈ, ಸೆರಗಿನ ಚೂರು ಇದೆ. ಮುಖ ಇಲ್ಲ. ಫೈಲ್ 3936×2624. ಸೆನ್ಸರ್ ಬದಲಾಯಿಸಿ ಮಾರಿದ್ದಾರಾ? ಬೇಗ ಹೇಳಿ, ಜಗಳಕ್ಕೆ ಹೋಗಬೇಕು.

ಹಸಿರುದಾರಿ: ಇಮೇಜ್ ಸೈಜ್ ಮೀಡಿಯಂ ಆಗಿದೆ ಸರ್. ಲಾರ್ಜ್ ಮಾಡಿ.

ಕಡಲತೀರ_ಕ್ಲಿಕ್: ಲಾರ್ಜ್‌ನಲ್ಲೇ ಇದೆ.

ಹಸಿರುದಾರಿ: ಹಾಗಾದ್ರೆ ಮೊದಲಿನವರು ಡಯಲಿನ ಯು1ರಲ್ಲಿ (ನಮ್ಮ ಸೆಟ್ಟಿಂಗ್ ಉಳಿಸಿಡುವ ಜಾಗ) ಮೀಡಿಯಂ ಸೇವ್ ಮಾಡಿಟ್ಟಿರಬಹುದು. ರೀಸೆಟ್ ಮಾಡಿ. ಎರಡನೇ ಕಾರ್ಡ್ ಸ್ಲಾಟ್ ಸೆಟ್ಟಿಂಗೂ ನೋಡಿ.

ಕಡಲತೀರ_ಕ್ಲಿಕ್: ಎಲ್ಲಾ ಮಾಡಿದೆ ಮಾರಾಯ್ರೆ. ಅದೇ 10.

ಹಸಿರುದಾರಿ: ನನಗಂತೂ ಮೀಡಿಯಂ ಅಂತಲೇ ಅನಿಸುತ್ತೆ. ಮೆನುವಿನ ಫೋಟೊ ಹಾಕಿ.

ಬೆಳ್ಳಿಬೆಳಕು: ಮೀಡಿಯಂ ಬಿಟ್ಟುಬಿಡಿ. ಅದಾದರೆ 4512×3008 ಬರಬೇಕು, ಜನರೂ ಕತ್ತರಿಸಿ ಹೋಗಲ್ಲ. 3936 ಅಂದ್ರೆ ಡಿಎಕ್ಸ್ ಕ್ರಾಪ್, ಅಂಚು ಬಿಟ್ಟು ಸೆನ್ಸರಿನ ನಡುಭಾಗ ಮಾತ್ರ ಬಳಸೋದು. ಲೆನ್ಸ್ ಯಾವುದು?

ಕಡಲತೀರ_ಕ್ಲಿಕ್: ಲೆನ್ಸ್ ಚೆನ್ನಾಗೇ ಇದೆ. 35 ಎಂಎಂ 1.8. ಡಿ5300ರಲ್ಲಿ ಐದು ವರ್ಷ ಬಳಸಿದ್ದೇನೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಬೆಳ್ಳಿಬೆಳಕು: ಅಲ್ಲೇ ಇರೋದು ವಿಷಯ. ಲೆನ್ಸ್ ಮೈಮೇಲೆ ‘ಡಿಎಕ್ಸ್’ ಅಂತ ಇದೆಯಾ ನೋಡಿ. ಅದು ಡಿ5300ರಂಥ ಚಿಕ್ಕ ಸೆನ್ಸರಿಗೆ ಮಾಡಿದ್ದು. ಡಿಎಕ್ಸ್ ಸೆನ್ಸರಿನ ಕರ್ಣ ಸುಮಾರು 28 ಮಿ.ಮೀ., ನಿಮ್ಮ ಡಿ750ರ ದೊಡ್ಡ ಸೆನ್ಸರಿನದು, ಅಂದ್ರೆ ಫುಲ್ ಫ್ರೇಮಿನದು, 43. ಲೆನ್ಸ್ ಬೀಳಿಸುವ ಬೆಳಕಿನ ವೃತ್ತ ಮೂಲೆವರೆಗೆ ಸಾಲಲ್ಲ. ಅದಕ್ಕೇ ಕ್ಯಾಮೆರಾ ಲೆನ್ಸ್ ಗುರುತು ಹಿಡಿದು ನಡುವಿನ ಭಾಗ ಮಾತ್ರ ತಗೊಳ್ಳುತ್ತೆ. ವ್ಯೂಫೈಂಡರ್ ಮಾತ್ರ ಪೂರ್ತಿ ತೋರಿಸುತ್ತೆ. ಒಳಗೆ ಸಣ್ಣ ಗೆರೆಯ ಚೌಕಟ್ಟು ಕಾಣಿಸ್ತಾ?

ಕಡಲತೀರ_ಕ್ಲಿಕ್: ಡಿಎಕ್ಸ್ ಅಂತ ಇದೆ. ಗೆರೆಯೂ ಇದೆ, ಗ್ರಿಡ್ ಅಂದುಕೊಂಡಿದ್ದೆ. ರಾ ಫೈಲ್ (ಸೆನ್ಸರಿನ ಮೂಲ ಮಾಹಿತಿ) ಇಟ್ಟಿದ್ದೇನೆ. ಅದರಲ್ಲಿ ಅಜ್ಜಿ ಸಿಗ್ತಾರಾ?

ಬೆಳ್ಳಿಬೆಳಕು: ಇಲ್ಲ ಸರ್. ರಾನಲ್ಲೂ ಅಷ್ಟೇ ಉಳಿಯೋದು. ಬೇಜಾರಿನ ವಿಷಯ.

ಇನ್ನು ಮುಂದೆ ಹೀಗೆ ಮಾಡಿ. ಶೂಟಿಂಗ್ ಮೆನು, ಇಮೇಜ್ ಏರಿಯಾ, ಆಟೊ ಡಿಎಕ್ಸ್ ಕ್ರಾಪ್ ಆಫ್. ಆಮೇಲೆ ಅಲ್ಲೇ ಅಂಚು ಕಡಿಮೆ ಕತ್ತರಿಸುವ 1.2 ಕ್ರಾಪ್ ಆರಿಸಿ ನೋಡಿ. 5008×3336 ಸಿಗುತ್ತೆ, ಹೆಚ್ಚು ಕಡಿಮೆ 16.7 ಮೆಗಾಪಿಕ್ಸೆಲ್. ಈ 35ಕ್ಕೆ ಅದು ಒಳ್ಳೆ ಹೊಂದಾಣಿಕೆ.

ಹಸಿರುದಾರಿ: ಡಿಎಕ್ಸ್ ಕ್ರಾಪಿನಲ್ಲಿ 35 ಲೆನ್ಸ್ 52 ಆಗುತ್ತೆ, ಅದಕ್ಕೇ ಜನ ಕಟ್ ಆಗಿದ್ದು.

ಗುಬ್ಬಿಗೂಡು: ಏನೂ ಆಗಲ್ಲ. 35 ಅಂದ್ರೆ ಎಲ್ಲಿ ಹಾಕಿದರೂ 35. ಕಾಣುವ ಅಗಲ ಮಾತ್ರ 52ರ ಹಾಗೆ. ಹೊಸಬರಿಗೆ ತಪ್ಪು ಹೇಳಬೇಡಿ.

ಹಸಿರುದಾರಿ: ಫಲಿತಾಂಶ ಒಂದೇ ಅಲ್ವಾ?

ಗುಬ್ಬಿಗೂಡು: ಒಂದೇ ಅಲ್ಲ. ಇರಲಿ. ಕ್ರಾಪ್ ಅಂದ್ರೆ ನಷ್ಟ ಅಂತಲೂ ಅಲ್ಲ. ಕಬಿನಿಗೆ ಹೋದಾಗ ನಾನು ಡಿ750ಗೆ 200-500 ಜೂಮ್ ಲೆನ್ಸ್ ಹಾಕಿ ಬೇಕಂತಲೇ ಡಿಎಕ್ಸ್ ಇಡುತ್ತೇನೆ. 51 ಫೋಕಸ್ ಪಾಯಿಂಟೂ ಚೌಕಟ್ಟಿನ ತುಂಬ ಹರಡಿಕೊಳ್ಳುತ್ತವೆ. ಬೀನ್‌ಬ್ಯಾಗ್ ಜೀಪಿನ ಕಂಬಿ ಮೇಲೆ, ಭುಜದಲ್ಲಿ ಇನ್ನೊಂದು ಬಾಡಿ. ಹೋದ ಸಲದ ಚಿರತೆ ಫೋಟೊ ಹಾಕಲಾ?

ಮಲೆಮಳೆ: ಚಿರತೆಗೆ ಬೇರೆ ಚರ್ಚೆ ತೆರೆಯಿರಿ. ನೀವು ನಿಕಾನ್‌ನವರು ಪುಣ್ಯವಂತರು. ನನ್ನ ಫುಲ್ ಫ್ರೇಮ್ ಕ್ಯಾನನ್ 6ಡಿಗೆ ಇಎಫ್-ಎಸ್ ಲೆನ್ಸ್ (ಕ್ಯಾನನ್‌ನ ಚಿಕ್ಕ ಸೆನ್ಸರಿನದು) ಕೂರುವುದೇ ಇಲ್ಲ. ಈಗ ಕ್ಯಾನನ್ ಆರ್‌ಪಿ ಕ್ಯಾಮೆರಾಗೆ ಅಡಾಪ್ಟರ್ ಹಾಕಿದರೆ ಕೂರುತ್ತೆ, ಆದರೆ ತಾನೇ ಕ್ರಾಪ್ ಮಾಡುತ್ತೆ, ಆಫ್ ಮಾಡಲು ಬಿಡಲ್ಲ.

ಕಡಲತೀರ_ಕ್ಲಿಕ್: ಮಾಡಿ ನೋಡಿದೆ. ಮನೆಯ ಬಿಳಿ ಗೋಡೆಗೆ ಹಿಡಿದು ಪೂರ್ತಿ ಫ್ರೇಮಿನಲ್ಲಿ ತೆಗೆದೆ. ಲೆನ್ಸಿನ ಕಿಂಡಿ (ಅಪರ್ಚರ್) ಪೂರ್ತಿ ತೆರೆದ 1.8ರಲ್ಲಿ ಮೂಲೆಗಳು ಮಸಿ ಒರೆಸಿದ ಹಾಗೆ ಮೆಲ್ಲಗೆ ಕಪ್ಪು. ಕಿಂಡಿ ಕಿರಿದು ಮಾಡಿ ಎಫ್8ಕ್ಕೆ ಬಂದರೆ ಕಪ್ಪಿನ ಅಂಚು ಇನ್ನೂ ಗಟ್ಟಿ, ಅದು ಉಲ್ಟಾ ಆಗುತ್ತೆ ಅಂದುಕೊಂಡಿದ್ದೆ. ಹುಡ್, ಯುವಿ ಫಿಲ್ಟರ್ ಹಾಕಿಯೇ ಇದ್ದೆ, ಮೊದಲು ಹೇಳಲಿಲ್ಲ. ಎರಡೂ ತೆಗೆದ ಮೇಲೆ ಕಡಿಮೆಯಾಯಿತು. 1.2ರಲ್ಲಿ ಮೂಲೆ ಬಹುತೇಕ ಸ್ವಚ್ಛ.

ಕ್ಯಾಮೆರಾ ಮಾರಿದವರಿಗೆ ಫೋನಿನಲ್ಲಿ ಕೂಗಾಡಿದ್ದೆ. ಈಗ ಕ್ಷಮೆ ಕೇಳಿದೆ. ಶನಿವಾರ ಊರಿಗೆ ಹೋಗುತ್ತಿದ್ದೇನೆ, ಅಜ್ಜಿಗೆ ಅದೇ ಸೀರೆ ಉಟ್ಟುಕೊಳ್ಳಿ ಎಂದಿದ್ದೇನೆ. ಬೆಳ್ಳಿಬೆಳಕು ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಹಸಿರುದಾರಿ: ಅಣ್ಣಾ, ಇಮೇಜ್ ಸೈಜ್ ಲಾರ್ಜ್‌ನಲ್ಲೇ ಇರಲಿ ಮತ್ತೆ.

ಹೊಸ_ಶಟರ್: ನನ್ನ ಹತ್ತಿರ ಟೋಕಿನಾ 11-16 ಡಿಎಕ್ಸ್ ಇದೆ. 16ರಲ್ಲಿಟ್ಟರೆ ಫುಲ್ ಫ್ರೇಮ್ ತುಂಬುತ್ತೆ ಅಂತಾರೆ. ಡಿ610ರಲ್ಲಿ ಯಾರಾದರೂ ಹಾಕಿದ್ದೀರಾ?