ಅರ್ಹರಿದ್ದೂ ಮಾಸಾಶನ ಪಡೆಯದವರನ್ನು ಪಂಚಾಯಿತಿ ಹುಡುಕುವುದು ಹೇಗೆ? ಅನುಭವ ತಿಳಿಸಿ

ಕೇಳಿದವರು: ಗ್ರಾಮ ಪಂಚಾಯಿತಿ ಸದಸ್ಯೆ, ಮುಂಡರಗಿ ತಾಲ್ಲೂಕು

ನಮ್ಮ ವಾರ್ಡಿನಲ್ಲಿ ಸಂಧ್ಯಾ ಸುರಕ್ಷಾ, ವಿಧವಾ ವೇತನ ಮೊದಲಾದವುಗಳಿಗೆ ಅರ್ಹರಿದ್ದೂ ಅರ್ಜಿಯನ್ನೇ ಹಾಕದವರು ಹಲವರಿದ್ದಾರೆಂಬುದು ನನಗೆ ಗೊತ್ತು. ಆದರೆ ಅವರು ಯಾರು, ಎಷ್ಟು ಮಂದಿ ಎಂದು ಸಭೆಯಲ್ಲಿ ಹೇಳಲು ನನ್ನ ಬಳಿ ಪಟ್ಟಿ ಇಲ್ಲ. ಪಡಿತರ ಚೀಟಿಯ ಮಾಹಿತಿ ಒಂದು ಕಚೇರಿಯಲ್ಲಿ, ಉದ್ಯೋಗ ಚೀಟಿಯದು ಇನ್ನೊಂದರಲ್ಲಿ, ಮಾಸಾಶನದ್ದು ನಾಡಕಚೇರಿಯಲ್ಲಿ ಇದೆ. ಇವುಗಳನ್ನು ಒಂದೆಡೆ ತಂದು, ಬಿಟ್ಟುಹೋದವರನ್ನು ಗುರುತಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಹಾನಗಲ್ಲ

ತಂಗಿ, ನಾನು ಹಾವೇರಿ ಜಿಲ್ಲೆಯಲ್ಲಿ ಗ್ರಾಮ ಲೆಕ್ಕಾಧಿಕಾರಿಯಾಗಿದ್ದು ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದ್ದರೂ ನಮ್ಮ ಕಡೆಯ ಹಿರಿಯರಿಗೆ ನಾವು ಇಂದಿಗೂ ತಲಾಠಿಗಳೇ. ಸರ್ಕಾರದ ಬಳಿ ಮಾಹಿತಿ ಇಲ್ಲದ್ದರಿಂದ ಜನ ಬಿಟ್ಟುಹೋಗುತ್ತಾರೆ ಎಂದು ಭಾವಿಸಬೇಡಿ. 2021ರಲ್ಲಿ ಕಂದಾಯ ಇಲಾಖೆಯು ‘ಮನೆ ಬಾಗಿಲಿಗೆ ಮಾಸಾಶನ’ ಕಾರ್ಯಕ್ರಮವನ್ನು ಆರಂಭಿಸಿದಾಗ, ಬಿಪಿಎಲ್ ಕುಟುಂಬಗಳ ದತ್ತಾಂಶದಲ್ಲಿ ವಯಸ್ಸು ತುಂಬಿದವರನ್ನು ಗುರುತಿಸಿ, ಅವರ ಮನೆಗೆ ಸಿಬ್ಬಂದಿಯೇ ಹೋಗಿ ವಿವರ ಪಡೆದು, ಅವರು ಕಚೇರಿಗೆ ಅಲೆಯದಂತೆ ಮಂಜೂರಾತಿ ನೀಡುವ ವ್ಯವಸ್ಥೆಯಾಯಿತು. ಕುಟುಂಬ ಎಂಬ ದತ್ತಾಂಶ ವ್ಯವಸ್ಥೆಯೂ ಇದೇ ಉದ್ದೇಶದ್ದು. ಪಡಿತರ ಚೀಟಿ ಇರುವವರಿಗೆ ಅದರ ಸಂಖ್ಯೆಯೇ ಅಲ್ಲಿ ಕುಟುಂಬದ ಗುರುತಿನ ಸಂಖ್ಯೆ. ಆದ್ದರಿಂದ ನೀವು ಹುಡುಕಬೇಕಾದದ್ದು ಕಂಪ್ಯೂಟರಿಗೆ ಈಗಾಗಲೇ ಕಾಣುತ್ತಿರುವವರನ್ನಲ್ಲ, ಅದಕ್ಕೆ ಕಾಣದವರನ್ನು.

ಕಾಣದಿರಲು ಮುಖ್ಯ ಕಾರಣ ವಯಸ್ಸು. ಶಾಲೆಯ ಮೆಟ್ಟಿಲು ಹತ್ತದವರಿಗೆ ಆಧಾರ್ ಮಾಡಿಸುವಾಗ ಹುಟ್ಟಿದ ವರ್ಷವನ್ನು ಅಂದಾಜಿನಿಂದ ಬರೆಸಿ, ದಿನಾಂಕವನ್ನು ಜನವರಿ 1 ಎಂದು ಹಾಕಿರುವುದು ಊರೂರಿನಲ್ಲಿದೆ. ಎಪ್ಪತ್ತು ದಾಟಿದ ಅಜ್ಜಿ ಆಧಾರ್‌ನಲ್ಲಿ ಐವತ್ತೆಂಟರವಳಾಗಿದ್ದರೆ, 65 ತುಂಬಿದವರಿಗೆ ತಿಂಗಳಿಗೆ ₹1,200 ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ಯಾವ ಪಟ್ಟಿಯಲ್ಲಿಯೂ ಆಕೆಯ ಹೆಸರು ಬರುವುದಿಲ್ಲ. ಇಂಥವರನ್ನು ಪತ್ತೆ ಹಚ್ಚಲು ನಾನು ಹಳೆಯ ಮತದಾರರ ಗುರುತಿನ ಚೀಟಿಯನ್ನು ತರಿಸಿ ನೋಡುತ್ತಿದ್ದೆ. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ ಕೊಟ್ಟ ಚೀಟಿಗಳಲ್ಲಿ 1-1-1995ಕ್ಕೆ ಎಷ್ಟು ವಯಸ್ಸು ಎಂದು ಮುದ್ರಿತವಾಗಿರುತ್ತದೆ. ಅದಕ್ಕೂ ಆಧಾರ್‌ಗೂ ಹತ್ತು ಹನ್ನೆರಡು ವರ್ಷಗಳ ಅಂತರ ಕಂಡರೆ ಆ ಹೆಸರನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಆ ಚೀಟಿ ಕಚೇರಿಯಲ್ಲಿ ಪುರಾವೆಯಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಯಾರ ವಯಸ್ಸು ತಪ್ಪಿದೆ ಎಂದು ತೋರಿಸುವುದಕ್ಕಂತೂ ಸಾಕು.

ಇನ್ನು ಪಟ್ಟಿಗಳನ್ನು ಹೊಂದಿಸುವ ಬಗ್ಗೆ ಒಂದು ಮಾತು. ನರೇಗಾ ಉದ್ಯೋಗ ಚೀಟಿದಾರರ ಪಟ್ಟಿಯನ್ನು ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಅದನ್ನು ಮಾಸಾಶನದ ಪಟ್ಟಿಯೊಂದಿಗೆ ಹೆಸರಿನಿಂದ ಹೊಂದಿಸಲು ಹೋದರೆ ನಿಮ್ಮ ಶ್ರಮ ವ್ಯರ್ಥವಾಗುತ್ತದೆ, ಏಕೆಂದರೆ ಒಂದರಲ್ಲಿ ನೀಲವ್ವ ಇದ್ದವಳು ಇನ್ನೊಂದರಲ್ಲಿ ನೀಲಮ್ಮ ಆಗಿರುತ್ತಾಳೆ, ಅಡ್ಡಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇರುವುದೇ ಇಲ್ಲ. ಪಡಿತರ ಚೀಟಿ ಸಂಖ್ಯೆ ಸಿಕ್ಕಲ್ಲಿ ಅದರಿಂದ, ಸಿಗದಿದ್ದಲ್ಲಿ ಮನೆ ಸಂಖ್ಯೆಯಿಂದ ಹೊಂದಿಸಿ.

ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ಬ್ಯಾಡಗಿ

ಅಕ್ಕಾ, ವೃದ್ಧಾಪ್ಯದ ಮಾಸಾಶನಕ್ಕಿಂತ ಹೆಚ್ಚು ಬಿಟ್ಟುಹೋಗುವುದು ವಿಧವೆಯರಿಗೆ ಬರಬೇಕಾದದ್ದು ಎಂಬುದು ನಮ್ಮ ಸಂಘಗಳ ಅನುಭವ. ಇದಕ್ಕೆ ಬೇಕಾದ ದಾಖಲೆ ಮರಣ ನೋಂದಣಿ. ಐದಾರು ವರ್ಷಗಳ ಮರಣಗಳಲ್ಲಿ ಗಂಡಸರ ಹೆಸರುಗಳನ್ನು ಆರಿಸಿಕೊಂಡು, ಅವರ ಪತ್ನಿಯರು ಇದ್ದಾರೆಯೇ, ತಿಂಗಳಿಗೆ ₹800ರ ವಿಧವಾ ವೇತನ ಬರುತ್ತಿದೆಯೇ ಎಂದು ನೋಡಿದರೆ, ಬಾರದವರ ಹೆಸರು ತಾನಾಗಿ ಹೊರಬರುತ್ತದೆ. ಸತ್ತವರು 18ರಿಂದ 59 ವಯಸ್ಸಿನವರಾಗಿದ್ದು, ಮನೆಯ ದುಡಿಮೆ ಅವರದೇ ಆಗಿದ್ದರೆ, ಬಡತನ ರೇಖೆಯ ಕೆಳಗಿನ ಆ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಬಾರಿ ₹20,000 ಸಿಗುತ್ತದೆ. ಇದು ಇದೆಯೆಂಬುದೇ ಬಹಳ ಮಂದಿಗೆ ತಿಳಿಯದು. ಹೇಳಬೇಕಾದವರು ಹೇಳುವುದೂ ಇಲ್ಲ. 40ರಿಂದ 64 ವಯಸ್ಸಿನ ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗಿರುವ ಮನಸ್ವಿನಿ ಯೋಜನೆಯ ಸ್ಥಿತಿಯೂ ಇದೇ. ಅಂಥವರ ಪಟ್ಟಿ ಯಾವ ಕಚೇರಿಯಲ್ಲೂ ಸಿಗದು, ಓಣಿಯ ಹೆಣ್ಣುಮಕ್ಕಳನ್ನೇ ಕೇಳಬೇಕು.

ಮತ್ತೊಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುವ ಹೆಂಗಸರ ಮನೆಗೆ ಕೈಯಲ್ಲಿ ಪಟ್ಟಿ ಹಿಡಿದು ಹೋದಾಗ, ಅವರು ಮೊದಲು ಕೇಳಿದ್ದು ‘ಕಾರ್ಡು ತೆಗೀತೀರೇನ್ರೀ?’ ಎಂದು. ಅವರ ಅನುಭವದಲ್ಲಿ ಪಟ್ಟಿ ಹಿಡಿದು ಬಂದವರು ಪಡಿತರ ಚೀಟಿ ರದ್ದುಮಾಡಲು ಬಂದವರೇ ಹೊರತು ಕೊಡಲು ಬಂದವರಲ್ಲ. ಆ ಭಯದಲ್ಲಿ ಅವರು ಮಗ ಬೆಂಗಳೂರಿಗೆ ದುಡಿಯಲು ಹೋಗಿರುವುದನ್ನು ಹೇಳುವುದಿಲ್ಲ, ಮನೆಯಲ್ಲಿರುವ ಹೊಲಿಗೆ ಯಂತ್ರವನ್ನೂ ಮುಚ್ಚಿಡುತ್ತಾರೆ. ಹೀಗೆ ಸಿಕ್ಕ ಮಾಹಿತಿಯಿಂದ ಯಾರ ಹೆಸರನ್ನೂ ತೆಗೆಯುವುದಿಲ್ಲ ಎಂದು ಪಂಚಾಯಿತಿ ಮೊದಲೇ ಒಪ್ಪಿಕೊಂಡು, ಅದನ್ನು ಊರಲ್ಲಿ ಬಾಯಿಬಿಟ್ಟು ಹೇಳದಿದ್ದರೆ ಈ ಕೆಲಸವನ್ನು ಆರಂಭಿಸದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಬ್ಯಾಂಕ್ ಮಿತ್ರ, ಬೆಟಗೇರಿ

ಮಂಜೂರಾಗಿದ್ದರೂ ಹಣ ಬಂದಿಲ್ಲವೆನ್ನುವವರನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಆಧಾರ್ ಆಧಾರಿತ ಪಾವತಿಯು ಪಾಸ್‌ಬುಕ್ಕಿನಲ್ಲಿರುವ ಖಾತೆಗೆ ಹೋಗದೆ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಾಲದ ಸಲುವಾಗಿಯೋ ಸಿಮ್ ಕೊಳ್ಳುವಾಗಲೋ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಹಣ ಕುಳಿತಿರುವುದನ್ನು ನಾನು ನೇಕಾರರ ಮನೆಗಳಲ್ಲಿ ಕಂಡಿದ್ದೇನೆ. ಸರ್ಕಾರದ ನೇರ ನಗದು ವರ್ಗಾವಣೆಯ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ ಹಣ ಹೋಗಿದೆ ಎಂದು ತಿಳಿಯುತ್ತದೆ.

ಧಾರವಾಡದವರು, ಈಗ ಇಂಗ್ಲೆಂಡಿನ ಒಂದು ಸ್ಥಳೀಯ ಸಂಸ್ಥೆಯ ನೌಕರರು

ನಿಮ್ಮ ಪ್ರಶ್ನೆಯನ್ನು ಓದಿದಾಗ, ಇಲ್ಲಿ ನಾವು ಮಾಡುತ್ತಿರುವುದೂ ಇದನ್ನೇ ಅಲ್ಲವೇ ಎನ್ನಿಸಿತು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 2,300 ಕೋಟಿ ಪೌಂಡುಗಳಷ್ಟು ನೆರವು ಯಾರೂ ಕೇಳದೆ ಉಳಿಯುತ್ತದೆ ಎಂದು ಪಾಲಿಸಿ ಇನ್ ಪ್ರಾಕ್ಟೀಸ್ ಎಂಬ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತ್ತು. ಬಾಡಿಗೆ ನೆರವು ಮತ್ತು ಸ್ಥಳೀಯ ತೆರಿಗೆಯ ರಿಯಾಯಿತಿ ಪಡೆಯುವವರ ಆದಾಯದ ವಿವರ ಸ್ಥಳೀಯ ಸಂಸ್ಥೆಗಳ ಬಳಿ ಮೊದಲೇ ಇರುತ್ತದೆ. ಅದೇ ಸಂಸ್ಥೆಯ ಲಿಫ್ಟ್ ಎಂಬ ತಂತ್ರಾಂಶವು ಆ ವಿವರವನ್ನು ಯೋಜನೆಗಳ ನಿಯಮಗಳೊಂದಿಗೆ ತಾಳೆ ನೋಡಿ, ಕಡಿಮೆ ಆದಾಯದ ಹಿರಿಯರಿಗೆ ಕೊಡುವ ಪೆನ್ಷನ್ ಕ್ರೆಡಿಟ್ ಎಂಬ ನೆರವಿಗೆ ಅರ್ಹರಾಗಿದ್ದೂ ಪಡೆಯದ ಹಿರಿಯರ ಹೆಸರನ್ನು ಕೊಡುತ್ತದೆ. 2024ರಲ್ಲಿ ಚಳಿಗಾಲದ ಇಂಧನ ಸಹಾಯಧನವನ್ನು ಪೆನ್ಷನ್ ಕ್ರೆಡಿಟ್ ಮೊದಲಾದ ನೆರವು ಪಡೆಯುವ ಹಿರಿಯರಿಗೆ ಸೀಮಿತಗೊಳಿಸಿದಾಗ ಈ ಕೆಲಸಕ್ಕೆ ಎಲ್ಲಿಲ್ಲದ ಅವಸರ ಬಂದಿತು.

ನಿಮಗೆ ಉಪಯೋಗವಾಗಬಹುದಾದದ್ದು ತಂತ್ರಾಂಶವಲ್ಲ, ಪತ್ರ ಬರೆಯುವ ರೀತಿ. ‘ನೀವು ಅರ್ಹರಿರಬಹುದು, ವಿಚಾರಿಸಿ’ ಎಂಬ ಸಾಮಾನ್ಯ ಪ್ರಕಟಣೆಯನ್ನು ಯಾರೂ ತಮಗೆಂದು ತಿಳಿಯುವುದಿಲ್ಲ. ವ್ಯಕ್ತಿಯ ಹೆಸರು, ಅವರಿಗೆ ಅಂದಾಜು ಎಷ್ಟು ಹಣ ಬರಬೇಕು, ಯಾರನ್ನು ಕಾಣಬೇಕು ಎಂಬುದು ಪತ್ರದಲ್ಲಿದ್ದರೆ ಓದಿದವರು ಎದ್ದು ಬರುತ್ತಾರೆ. ಆದರೆ ಪತ್ರ ತಲುಪಿದ ಮೇಲೂ ಅರ್ಜಿಯ ತೊಡಕು ಉಳಿದೇ ಇರುತ್ತದೆ. ಪೆನ್ಷನ್ ಕ್ರೆಡಿಟ್ ಅರ್ಜಿಯಲ್ಲಿ 200ಕ್ಕೂ ಹೆಚ್ಚು ಪ್ರಶ್ನೆಗಳಿವೆ ಎಂದು ಇಲ್ಲಿ ದೊಡ್ಡ ಟೀಕೆ ನಡೆದಿತ್ತು, ಅದು ನ್ಯಾಯವಾದ ಟೀಕೆಯೇ ಆಗಿತ್ತು.

ವಾರ್ಡ್ ಕಾರ್ಯಕರ್ತರು, ಹಳೇ ಹುಬ್ಬಳ್ಳಿ

ನಗರದಲ್ಲಿರುವವರು ಇದನ್ನು ಓದಿದರೆ ಅವರಿಗಾಗಿ ಇಷ್ಟು ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದಂಥ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆಯ ದಾಖಲೆಯಲ್ಲಿ ಮನೆಯ ಮಾಲೀಕರು ಕಾಣುತ್ತಾರೆ, ಅದೇ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿರುವ ಮುದುಕಿ ಕಾಣುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆಯ ಪುಸ್ತಕದಲ್ಲಿ ಬಾಡಿಗೆಯವರೂ ಇರುತ್ತಾರೆ. ಆಕೆಗೆ ಇನ್ನಷ್ಟು ಕೆಲಸ ಹೇರಬಾರದೆಂಬುದು ನಿಜ; ಪುಸ್ತಕವನ್ನು ನೋಡಿ ಬರೆದುಕೊಳ್ಳುವ ಕೆಲಸವನ್ನು ನಾವೇ ಮಾಡಬೇಕು.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ತೊಡಕು ಈಗಲೇ ಎದುರಾಗಿದೆ: ಮಾಹಿತಿ ಗೋಪ್ಯವೆಂದು ಹೇಳಿ ಕಚೇರಿಯಲ್ಲಿ ಪಟ್ಟಿ ಕೊಡಲು ಹಿಂಜರಿಯುತ್ತಿದ್ದಾರೆ. ಏನು ಮಾಡಬೇಕು?

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಹಾನಗಲ್ಲ

ತಂಗಿ, ಅವರ ಹಿಂಜರಿಕೆಯಲ್ಲಿ ಅರ್ಧ ಸತ್ಯವಿದೆ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯೇ ನಿಷೇಧಿಸಿದೆ, ಖಾತೆ ಸಂಖ್ಯೆಯೂ ನಿಮಗೆ ಬೇಡ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ಸಂಖ್ಯೆ, ಯಾವ ಯೋಜನೆಯ ಹಣ ಬರುತ್ತಿದೆ ಎಂಬುದಿದ್ದರೆ ಸಾಕು. ಅಷ್ಟನ್ನು ಮಾತ್ರ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ. ಫಲಾನುಭವಿಗಳನ್ನು ಗುರುತಿಸುವ ಕೆಲಸವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ವಾರ್ಡ್ ಸಭೆ, ಗ್ರಾಮ ಸಭೆಗಳಿಗೆ ವಹಿಸಿರುವುದರಿಂದ, ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಆ ಉದ್ದೇಶವನ್ನು ನಮೂದಿಸಿ ಠರಾವು ಮಾಡಿಸಿ, ಅದರ ಪ್ರತಿಯನ್ನು ಲಗತ್ತಿಸಿ ತಹಶೀಲ್ದಾರರಿಗೆ ಬರೆಯಿರಿ. ಬ್ಯಾಡಗಿಯ ತಂಗಿ ಹೇಳಿದ ಮಾತನ್ನು, ಅಂದರೆ ಈ ಮಾಹಿತಿಯಿಂದ ಯಾರ ಹೆಸರನ್ನೂ ತೆಗೆಯಲಾಗದು ಎಂಬುದನ್ನು, ಅದೇ ಠರಾವಿನಲ್ಲಿ ಬರೆಸಿ. ಉತ್ತರ ಬರುವವರೆಗೆ ಕಾಯುತ್ತ ಕೂಡಬೇಡಿ; ಉದ್ಯೋಗ ಚೀಟಿಯ ಪಟ್ಟಿಗೆ ಯಾರ ಅನುಮತಿಯೂ ಬೇಕಿಲ್ಲ, ಅದರಲ್ಲಿ 60 ದಾಟಿದವರ ಮನೆಗಳಿಂದ ಆರಂಭಿಸಬಹುದು.